ಆಕಾಶದ ಊರುಗಳು ಹುಟ್ಟಿದ್ದು ಹೇಗೆ?



ಬೇಸಿಗೆ ಬಂತು ಅಂದರೆ ಮನೆಯೊಳಗೆ ಸೆಕೆ. ಅಂಗಳದಲ್ಲಿ ಚಾಪೆ ಹಾಸಿ ಮಲಗುತ್ತೇವೆ. ಕರೆಂಟು ಹೋಗಿದ್ದರೆ ಇನ್ನೂ ಚೆನ್ನ. ಆಕಾಶದ ತುಂಬ ಚುಕ್ಕಿ ಕಾಣುತ್ತವೆ. ಪಕ್ಕದಲ್ಲಿ ಮಲಗಿದ ಮಗು ಕೇಳುತ್ತದೆ: "ಅವ್ವಾ, ಇಷ್ಟೊಂದು ಚುಕ್ಕಿ ಎಲ್ಲಿಂದ ಬಂದವು?"

ನಾವು ಏನು ಹೇಳುತ್ತೇವೆ? "ಸುಮ್ಮನೆ ಮಲಗು" ಅನ್ನುತ್ತೇವೆ. ನಮಗೂ ಯಾರೂ ಹೇಳಿರಲಿಲ್ಲ. ನಾವು ಮಕ್ಕಳಾಗಿದ್ದಾಗ ನಮ್ಮ ಅವ್ವಂದಿರೂ ಹಾಗೇ ಅಂದಿದ್ದರು.

ಆ ಮಗುವಿನ ಪ್ರಶ್ನೆಗೆ ಈಗ ಉತ್ತರ ಇದೆ. ಪೂರ್ತಿ ಅಲ್ಲ, ಬಹುಪಾಲು ಇದೆ. ಅದನ್ನೇ ಇಲ್ಲಿ ಬರೆದಿದ್ದೇವೆ. ಪಾಠ ಸ್ವಲ್ಪ ಉದ್ದ. ಒಂದೇ ದಿನ ಓದಿ ಮುಗಿಸಬೇಕು ಅಂತೇನಿಲ್ಲ.

ಮನೆ, ಊರು, ಹೋಬಳಿ

ರಾತ್ರಿ ಕಾಣುವ ಒಂದೊಂದು ನಕ್ಷತ್ರವೂ ಒಂದು ಸೂರ್ಯ. ಬಹಳ ದೂರ ಇರುವುದರಿಂದ ಚುಕ್ಕಿಯ ಹಾಗೆ ಕಾಣುತ್ತದೆ. ಈ ನಕ್ಷತ್ರಗಳು ಆಕಾಶದಲ್ಲಿ ಎಲ್ಲ ಕಡೆ ಸಮನಾಗಿ ಹರಡಿಲ್ಲ. ನಮ್ಮ ಮನೆಗಳನ್ನೇ ನೋಡಿ. ಹೊಲಕ್ಕೊಂದು ಮನೆ ಅಂತ ಚೆಲ್ಲಾಪಿಲ್ಲಿ ಇರುವುದಿಲ್ಲ. ಒಂದು ಕಡೆ ಸೇರಿ ಊರಾಗಿರುತ್ತವೆ. ಊರು ದಾಟಿದರೆ ಬಯಲು. ಬಯಲು ದಾಟಿದರೆ ಮತ್ತೊಂದು ಊರು.

ನಕ್ಷತ್ರಗಳೂ ಹೀಗೇ. ಅವು ಸೇರಿ ಆದ ಊರಿಗೆ ಗೆಲಾಕ್ಸಿ ಎಂದು ಹೆಸರು. ನಮ್ಮ ಸೂರ್ಯ ಇರುವ ಊರಿನ ಹೆಸರು ಆಕಾಶಗಂಗೆ. ಕತ್ತಲ ರಾತ್ರಿ ಆಕಾಶದಲ್ಲಿ ಹಾಲು ಚೆಲ್ಲಿದ ಹಾಗೆ ಒಂದು ಪಟ್ಟಿ ಕಾಣುತ್ತದಲ್ಲ, ಅದೇ. ಊರಿನ ಒಳಗೆ ನಿಂತು ಊರನ್ನು ನೋಡಿದರೆ ಹಾಗೆ ಕಾಣುತ್ತದೆ. ಈ ಊರಿನಲ್ಲಿ 10 ಸಾವಿರ ಕೋಟಿಗಿಂತ ಹೆಚ್ಚು ನಕ್ಷತ್ರಗಳಿವೆ. ನಮ್ಮ ದೇಶದ ಎಲ್ಲ ಜನರಿಗೂ ಹಂಚಿದರೆ ಒಬ್ಬೊಬ್ಬರ ಪಾಲಿಗೆ 60ಕ್ಕಿಂತ ಹೆಚ್ಚು ಬರುತ್ತವೆ. ಹೆಣ್ಣುಮಕ್ಕಳಿಗೂ ಸಮಪಾಲು ಕೊಟ್ಟರೆ ಈ ಲೆಕ್ಕ!

ಹಲವು ಊರು ಸೇರಿ ಒಂದು ಹೋಬಳಿ ಆಗುತ್ತದೆ. ಗೆಲಾಕ್ಸಿಗಳಿಗೂ ಹೋಬಳಿ ಇವೆ. ಕನ್ಯಾ ರಾಶಿಯ ಕಡೆ ಒಂದು ದೊಡ್ಡ ಹೋಬಳಿ ಇದೆ. ಅದರಲ್ಲಿ ಸಾವಿರಕ್ಕೂ ಹೆಚ್ಚು ಗೆಲಾಕ್ಸಿಗಳು. ನಮ್ಮದು ಬಡ ಹೋಬಳಿ. ಇಲ್ಲಿ ದೊಡ್ಡ ಊರು ಎರಡೇ. ಒಂದು ನಮ್ಮ ಆಕಾಶಗಂಗೆ, ಇನ್ನೊಂದು ಆಂಡ್ರೊಮಿಡಾ. ಉಳಿದವೆಲ್ಲ ಸಣ್ಣ ಸಣ್ಣ ಹಟ್ಟಿಗಳು.

ಈ ಊರುಗಳನ್ನು ಕಟ್ಟಿದವರು ಯಾರು? ಗುದ್ದಲಿ ಪೂಜೆ ಮಾಡಿದವರು ಯಾರೂ ಇಲ್ಲ. ತಾವಾಗಿ ಆದವು. ಹೇಗೆ ಅಂತ ನೋಡೋಣ.

ಬೆಳಕು ಅಂದರೆ ಹಳೆಯ ಕಾಗದ

ಅಷ್ಟು ಹಿಂದೆ ಆದದ್ದು ನಮಗೆ ಗೊತ್ತಾಗುವುದು ಹೇಗೆ? ನೋಡಿದವರು ಯಾರು? ಇದನ್ನು ಮೊದಲು ತಿಳಿಯಬೇಕು. ಇಲ್ಲದಿದ್ದರೆ ಮುಂದಿನದು ಅಜ್ಜಿಕತೆ ಅನ್ನಿಸುತ್ತದೆ.

ಮಗ ದುಡಿಯಲು ಮುಂಬೈಗೆ ಹೋಗಿದ್ದಾನೆ ಅನ್ನಿ. ಕಾಗದ ಹಾಕಿದ. ಅದು ಬರಲು ಎಂಟು ದಿನ ಹಿಡಿಯಿತು. ಅದರಲ್ಲಿ ಇರುವುದು ಇವತ್ತಿನ ಸುದ್ದಿ ಅಲ್ಲ. ಎಂಟು ದಿನ ಹಿಂದಿನ ಸುದ್ದಿ. ಬೆಳಕೂ ಹಾಗೇ. ಅದು ಒಂದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಓಡುತ್ತದೆ. ಆದರೂ ಸೂರ್ಯನಿಂದ ಇಲ್ಲಿಗೆ ಬರಲು 8 ನಿಮಿಷ ಬೇಕು. ಆಂಡ್ರೊಮಿಡಾ ಗೆಲಾಕ್ಸಿಯಿಂದ ಬರಲು 25 ಲಕ್ಷ ವರ್ಷ ಬೇಕು. ದೂರ ನೋಡಿದಷ್ಟೂ ನಾವು ಹಳೆಯ ಕಾಲವನ್ನು ನೋಡುತ್ತೇವೆ. ದೊಡ್ಡ ದೊಡ್ಡ ದೂರದರ್ಶಕಗಳು ಮಾಡುವ ಕೆಲಸ ಇಷ್ಟೇ. ಹಳೆಯ ಕಾಗದ ಓದುವುದು.

ಮೊದಲು ಇದ್ದದ್ದು ಬಿಸಿ ಗಂಜಿ

ಸುಮಾರು 1380 ಕೋಟಿ ವರ್ಷದ ಹಿಂದಿನ ಮಾತು. ಆಗ ಊರೂ ಇಲ್ಲ, ಮನೆಯೂ ಇಲ್ಲ. ನಕ್ಷತ್ರ ಇಲ್ಲ, ಭೂಮಿ ಇಲ್ಲ. ಇರುವುದೆಲ್ಲ ಒತ್ತೊತ್ತಾಗಿ, ತಾಳಲಾರದಷ್ಟು ಬಿಸಿಯಾಗಿ ಇತ್ತು. ಅಲ್ಲಿಂದ ವಿಶ್ವ ಹಿಗ್ಗಲು ಶುರುವಾಯಿತು. ಇದಕ್ಕೆ ಮಹಾಸ್ಫೋಟ ಅಂತ ಹೆಸರಿಟ್ಟಿದ್ದಾರೆ. ನಮಗೆ ಆ ಹೆಸರು ಅಷ್ಟು ಸರಿ ಕಾಣುವುದಿಲ್ಲ. ಪಟಾಕಿ ಒಂದು ಜಾಗದಲ್ಲಿ ಸಿಡಿದು ಚೂರು ಹಾರಿದ ಹಾಗೆ ಅಲ್ಲ ಅದು. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಹೊತ್ತಿಗೆ ಉಬ್ಬುತ್ತದಲ್ಲ, ಹಾಗೆ. ಹಿಟ್ಟಿನಲ್ಲಿ ನಾಲ್ಕು ಸಾಸಿವೆ ಕಾಳು ಇದ್ದರೆ, ಹಿಟ್ಟು ಉಬ್ಬಿದಂತೆ ಅವು ಒಂದರಿಂದ ಒಂದು ದೂರ ಆಗುತ್ತವೆ. ಕಾಳು ನಡೆದು ಹೋಗಲಿಲ್ಲ. ನಡುವಿನ ಹಿಟ್ಟು ಹಿಗ್ಗಿತು.

ಹಿಗ್ಗಿದಂತೆಲ್ಲ ಬಿಸಿ ಇಳಿಯಿತು. 3 ಲಕ್ಷ 80 ಸಾವಿರ ವರ್ಷ ಆಗುವ ಹೊತ್ತಿಗೆ 3 ಸಾವಿರ ಡಿಗ್ರಿಗೆ ಬಂತು. ಅಲ್ಲಿಯವರೆಗೆ ಎಲ್ಲ ಕಡೆ ಮಂಜು ಕವಿದ ಹಾಗೆ ಇತ್ತು. ಬೆಳಕು ಮುಂದೆ ಹೋಗಲು ಆಗುತ್ತಿರಲಿಲ್ಲ. ಆಗ ಮಂಜು ಬಿಟ್ಟಿತು. ಬೆಳಕು ಹೊರಟಿತು. ಆ ಬೆಳಕು ಇವತ್ತಿಗೂ ಬರುತ್ತಲೇ ಇದೆ. ಕಣ್ಣಿಗೆ ಕಾಣದು. ರೇಡಿಯೊ ಅಲೆಯ ಹಾಗೆ ಆಗಿದೆ.

ಇದು ಸಿಕ್ಕಿದ ಕತೆ ತಮಾಷೆಯದು. 1964ರಲ್ಲಿ ಅಮೆರಿಕದಲ್ಲಿ ಪೆನ್ಜಿಯಾಸ್, ವಿಲ್ಸನ್ ಎಂಬ ಇಬ್ಬರ ಆಂಟೆನಾದಲ್ಲಿ ಒಂದು ಗುಂಯ್ ಶಬ್ದ ಬರುತ್ತಿತ್ತು. ಯಾವ ಕಡೆ ತಿರುಗಿಸಿದರೂ ಅದೇ. ಒಳಗೆ ಪಾರಿವಾಳ ಗೂಡು ಕಟ್ಟಿದ್ದವು. ಅವುಗಳ ಹಿಕ್ಕೆಯಿಂದ ಹೀಗಾಗುತ್ತಿದೆ ಅಂತ ಉಜ್ಜಿ ತೊಳೆದರು. ಶಬ್ದ ಹೋಗಲಿಲ್ಲ. ಅದು ವಿಶ್ವದ ಎಳೆಗಾಲದ ಬೆಳಕು ಅಂತ 1965ರಲ್ಲಿ ತಿಳಿಯಿತು. ಅವರಿಗೆ 1978ರಲ್ಲಿ ನೊಬೆಲ್ ಬಹುಮಾನ ಬಂತು.

ಗಂಜಿಯಲ್ಲಿ ಗಂಟು

ಈಗ ಮುಖ್ಯ ಮಾತಿಗೆ ಬರೋಣ.

ಆ ಹಳೆಯ ಬೆಳಕು ಎಲ್ಲ ಕಡೆಯಿಂದಲೂ ಒಂದೇ ಸಮ ಬರುತ್ತಿತ್ತು. ವಿಜ್ಞಾನಿಗಳಿಗೆ ತಲೆನೋವಾಯಿತು. ಮೊದಲಲ್ಲಿ ಎಲ್ಲವೂ ಅಷ್ಟು ನುಣ್ಣಗೆ ಇದ್ದರೆ ಊರು ಹುಟ್ಟುವುದು ಹೇಗೆ? ನುಣ್ಣನೆಯ ಗಂಜಿ ಎಷ್ಟು ಕಾಲ ಬಿಟ್ಟರೂ ನುಣ್ಣಗೇ ಇರುತ್ತದೆ.

1992ರಲ್ಲಿ ಕೋಬೆ ಎಂಬ ಉಪಗ್ರಹದ ಅಳತೆಯಿಂದ ಉತ್ತರ ಸಿಕ್ಕಿತು. ಪೂರ್ತಿ ನುಣ್ಣಗೆ ಇರಲಿಲ್ಲ. ಒಂದು ಕಡೆಗೂ ಇನ್ನೊಂದು ಕಡೆಗೂ 1 ಲಕ್ಷದಲ್ಲಿ 1 ಪಾಲಿನಷ್ಟು ಹೆಚ್ಚುಕಡಿಮೆ ಇತ್ತು. ಲಕ್ಷ ರೂಪಾಯಿ ಎಣಿಸುವಾಗ ಒಂದು ರೂಪಾಯಿ ತಪ್ಪಿದ ಹಾಗೆ. ಮುದ್ದೆ ತೊಳಸುವಾಗ ಗಂಟು ಉಳಿದರೆ ಅತ್ತೆ ಬೈಯುತ್ತಾರೆ. ಆದರೆ ಆಗ ಗಂಟೇ ಇಲ್ಲದೆ ಹೋಗಿದ್ದರೆ ಇವತ್ತು ಅತ್ತೆಯೂ ಇಲ್ಲ, ಸೊಸೆಯೂ ಇಲ್ಲ, ಮುದ್ದೆಯೂ ಇಲ್ಲ.

ಅಷ್ಟು ಸಣ್ಣ ಗಂಟು ದೊಡ್ಡದಾದದ್ದು ಹೇಗೆ? ಸೆಳೆತದಿಂದ. ಮೇಲೆ ಎಸೆದ ಕಲ್ಲನ್ನು ಭೂಮಿ ಕೆಳಗೆ ಎಳೆಯುತ್ತದಲ್ಲ, ಅದೇ ಸೆಳೆತ. ಪುಸ್ತಕದಲ್ಲಿ ಇದಕ್ಕೆ ಗುರುತ್ವ ಎಂದು ಬರೆಯುತ್ತಾರೆ. ತೂಕ ಇರುವ ವಸ್ತುಗಳೆಲ್ಲ ಒಂದನ್ನೊಂದು ಎಳೆಯುತ್ತವೆ. ತೂಕ ಹೆಚ್ಚಿದ್ದರೆ ಎಳೆತ ಹೆಚ್ಚು. ಒಂದು ಜಾಗದಲ್ಲಿ ಒಂದು ಚೂರು ಹೆಚ್ಚು ಇತ್ತು. ಅದು ಸುತ್ತಲಿನದನ್ನು ಒಂದು ಚೂರು ಹೆಚ್ಚು ಎಳೆಯಿತು. ಎಳೆದದ್ದರಿಂದ ಇನ್ನೂ ಭಾರ ಆಯಿತು. ಇನ್ನೂ ಜೋರಾಗಿ ಎಳೆಯಿತು. ಪಕ್ಕದ ಜಾಗ ಖಾಲಿ ಆಗುತ್ತಾ ಹೋಯಿತು. ನಮ್ಮ ಕಡೆ ದುಡ್ಡು ಇದ್ದವರ ಮನೆಗೇ ದುಡ್ಡು ಹೋಗುತ್ತದಲ್ಲ, ಆಕಾಶದಲ್ಲೂ ಅದೇ ನ್ಯಾಯ!

ವೆರಾ ರೂಬಿನ್ ಅವರ ಮಾತು

ಆದರೆ ಲೆಕ್ಕ ಮಾಡಿ ನೋಡಿದರೆ ಇಷ್ಟೇ ಸಾಲದು. ನಮ್ಮ ಕಣ್ಣಿಗೆ ಕಾಣುವ ವಸ್ತುಗಳ ಸೆಳೆತ ಮಾತ್ರ ಇದ್ದಿದ್ದರೆ ಇಷ್ಟು ಬೇಗ ಗೆಲಾಕ್ಸಿಗಳು ಆಗುತ್ತಿರಲಿಲ್ಲ. ಕಾಣದ ಇನ್ನೇನೋ ಇರಬೇಕು. ಅದನ್ನು ಜಗತ್ತು ನಂಬುವಂತೆ ಮಾಡಿದವರಲ್ಲಿ ಮುಖ್ಯರಾದವರು ಒಬ್ಬ ಹೆಣ್ಣುಮಗಳು. ಹೆಸರು ವೆರಾ ರೂಬಿನ್. ಅಮೆರಿಕದವರು. ಹುಟ್ಟಿದ್ದು 1928ರಲ್ಲಿ.

ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಅವರು ದೊಡ್ಡ ಓದು ಓದಿದರು. ಸಂಜೆ ತರಗತಿಗೆ ಹೋಗುತ್ತಿದ್ದರು. ನಮ್ಮ ಹಾಗೇ. ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಗಂಡ ಕರೆದುಕೊಂಡು ಹೋಗಿ, ಕಾರಿನಲ್ಲೇ ಕೂತು ಊಟ ಮಾಡಿ ಕಾಯುತ್ತಿದ್ದರು. ಮಕ್ಕಳನ್ನು ತಾಯಿ ತಂದೆ ನೋಡಿಕೊಳ್ಳುತ್ತಿದ್ದರು. ನಾಲ್ಕು ಜನ ಹೊರೆ ಹಂಚಿಕೊಂಡರೆ ಒಬ್ಬಳು ಓದಬಹುದು.

1954ರಲ್ಲಿ ಅವರು ಒಂದು ಪ್ರಬಂಧ ಬರೆದರು. ಗೆಲಾಕ್ಸಿಗಳು ಎಲ್ಲೆಂದರಲ್ಲಿ ಹರಡಿಲ್ಲ, ಗುಂಪುಗುಂಪಾಗಿ ಇವೆ ಎಂದು ಹೇಳಿದರು. ಹಲವು ವರ್ಷ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಇವತ್ತು ಶಾಲೆ ಮಕ್ಕಳೂ ಅದನ್ನು ಓದುತ್ತಾರೆ.

ಪಾಲೊಮಾರ್ ಬೆಟ್ಟದ ಮೇಲೆ ಆಗಿನ ಅತಿ ದೊಡ್ಡ ದೂರದರ್ಶಕ ಇತ್ತು. ಹೆಂಗಸರಿಗೆ ಅಲ್ಲಿ ನೋಡಲು ಅವಕಾಶ ಇರಲಿಲ್ಲ. ಯಾಕೆ ಅಂದರೆ, ಹೆಂಗಸರಿಗೆ ಬೇರೆ ಶೌಚಾಲಯ ಇಲ್ಲ ಅನ್ನುವ ನೆಪ! ಈ ನೆಪ ನಮಗೆ ಹೊಸದಲ್ಲ. ನಮ್ಮ ಎಷ್ಟು ಹುಡುಗಿಯರು ಇದೇ ಕಾರಣಕ್ಕೆ ಶಾಲೆ ಬಿಟ್ಟಿಲ್ಲ? 1965ರಲ್ಲಿ ವೆರಾ ಅಲ್ಲಿಗೆ ಹೋದರು. ಕಾಗದದಲ್ಲಿ ಒಂದು ಲಂಗ ಕತ್ತರಿಸಿ, ಬಾಗಿಲ ಮೇಲಿದ್ದ ಗಂಡಸಿನ ಚಿತ್ರಕ್ಕೆ ಅಂಟಿಸಿದರು. ಈಗ ಹೆಂಗಸರ ಶೌಚಾಲಯ ಆಯಿತಲ್ಲ ಅಂದರು.

1970ರಲ್ಲಿ ಅವರೂ ಜೊತೆಗಾರ ಕೆಂಟ್ ಫೋರ್ಡ್ ಅವರೂ ಆಂಡ್ರೊಮಿಡಾದ ಸುದ್ದಿ ಪ್ರಕಟಿಸಿದರು. ನಮ್ಮ ಸೂರ್ಯನ ಸುತ್ತ ಬುಧ ಬೇಗ ಸುತ್ತುತ್ತಾನೆ. ಶನಿ ದೂರ ಇರುವುದರಿಂದ ನಿಧಾನ. ಗೆಲಾಕ್ಸಿಯಲ್ಲೂ ಅಂಚಿನಲ್ಲಿ ಇರುವವು ನಿಧಾನ ಸುತ್ತಬೇಕು. ಆದರೆ ಅಂಚಿನಲ್ಲಿ ಇದ್ದವೂ ಅಷ್ಟೇ ವೇಗವಾಗಿ ಸುತ್ತುತ್ತಿದ್ದವು. ಆ ವೇಗಕ್ಕೆ ಅವು ಊರು ಬಿಟ್ಟು ಹಾರಿಹೋಗಬೇಕಿತ್ತು. ಹೋಗಿಲ್ಲ. ಅಂದರೆ ಕಾಣದ ಯಾವುದೋ ವಸ್ತು ಅವನ್ನು ಹಿಡಿದುಕೊಂಡಿದೆ. 1933ರಲ್ಲೇ ಜ್ವಿಕಿ ಎಂಬ ವಿಜ್ಞಾನಿ ಗೆಲಾಕ್ಸಿಗಳ ಹೋಬಳಿ ನೋಡಿ ಇದೇ ಮಾತು ಹೇಳಿದ್ದರು. ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ.

ಇದಕ್ಕೆ ಕಪ್ಪು ದ್ರವ್ಯ ಎಂದು ಹೆಸರು. ಕಾಣುವ ವಸ್ತುಗಳಿಗಿಂತ ಇದು ಸುಮಾರು ಐದು ಪಟ್ಟು ಹೆಚ್ಚಿದೆ. ಅದು ಬೆಳಕು ಕೊಡುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ಅದು ಯಾವುದರಿಂದ ಆಗಿದೆ ಅಂತ ಜಗತ್ತಿನಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ. ಸೆಳೆತದಿಂದ ಮಾತ್ರ ಇದೆ ಅಂತ ಗೊತ್ತು. ಗಾಳಿ ಕಾಣದಿದ್ದರೂ ಮರ ಅಲ್ಲಾಡುವುದರಿಂದ ತಿಳಿಯುತ್ತದಲ್ಲ, ಹಾಗೆ.

ವೆರಾ ರೂಬಿನ್ 2016ರಲ್ಲಿ ತೀರಿಕೊಂಡರು. ನೊಬೆಲ್ ಬಹುಮಾನ ಅವರಿಗೆ ಬರಲಿಲ್ಲ. ಚಿಲಿ ದೇಶದ ಬೆಟ್ಟದ ಮೇಲೆ ಕಟ್ಟಿದ ಒಂದು ದೊಡ್ಡ ವೀಕ್ಷಣಾಲಯಕ್ಕೆ ಅವರ ಹೆಸರು ಇಟ್ಟಿದ್ದಾರೆ. ಅದರ ಮೊದಲ ಚಿತ್ರಗಳು 2025ರ ಜೂನ್‌ನಲ್ಲಿ ಬಂದವು.

ಹಳ್ಳ ಮೊದಲು, ನೀರು ಆಮೇಲೆ

ಕಪ್ಪು ದ್ರವ್ಯ ಊರು ಕಟ್ಟಲು ಹೇಗೆ ನೆರವಾಯಿತು? ಬಿಸಿಗಾಲದಲ್ಲಿ ಸಾಮಾನ್ಯ ವಸ್ತು ಒಟ್ಟುಗೂಡಲು ಹೋದರೆ ಬೆಳಕು ಅದನ್ನು ತಳ್ಳಿಬಿಡುತ್ತಿತ್ತು. ಕಪ್ಪು ದ್ರವ್ಯಕ್ಕೆ ಬೆಳಕಿನ ಹಂಗೇ ಇಲ್ಲ. ಅದು ಮೊದಲೇ ಗಂಟು ಕಟ್ಟಲು ಶುರುಮಾಡಿತು. ಅದು ಹಳ್ಳ ತೋಡಿಟ್ಟ ಹಾಗೆ ಆಯಿತು. ಮಂಜು ಬಿಟ್ಟ ಮೇಲೆ ಅನಿಲ ಹರಿದು ಬಂದು ಆ ಹಳ್ಳಗಳಲ್ಲಿ ನಿಂತಿತು. ಮಳೆ ನೀರು ಕೆರೆ ಸೇರಿದ ಹಾಗೆ.

ಆ ಅನಿಲ ಎರಡು ಬಗೆಯದು. ಜಲಜನಕ ಮತ್ತು ಹೀಲಿಯಂ. ಬೇರೆ ಏನೂ ಇಲ್ಲ ಅನ್ನಬಹುದು. ಹಳ್ಳದಲ್ಲಿ ನಿಂತ ಅನಿಲ ತಣ್ಣಗಾಯಿತು, ಕುಗ್ಗಿತು. ಕುಗ್ಗಿ ಕುಗ್ಗಿ ನಡುವೆ ಬಿಸಿ ಏರಿ ಹೊತ್ತಿಕೊಂಡಿತು. ಅದೇ ಮೊದಲ ನಕ್ಷತ್ರ. ವಿಶ್ವ ಹುಟ್ಟಿ 10–20 ಕೋಟಿ ವರ್ಷ ಆದಾಗ ಇದು ಆಯಿತು ಎಂದು ಲೆಕ್ಕ. ಅಲ್ಲಿಯವರೆಗೆ ಬರೀ ಕತ್ತಲೆ.

ಆ ಮೊದಲ ಬೆಳಗನ್ನು ಹುಡುಕುವ ಕೆಲಸ ನಮ್ಮ ಕರ್ನಾಟಕದಲ್ಲೂ ನಡೆದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು 'ಸರಸ್' ಎಂಬ ಆಂಟೆನಾ ಮಾಡಿದರು. ಮೊದಲ ನಕ್ಷತ್ರಗಳ ಕಾಲದ ಜಲಜನಕದಿಂದ ಬರುವ ಸಣ್ಣ ರೇಡಿಯೊ ದನಿ ಹಿಡಿಯಲು. ನೆಲದ ಮೇಲೆ ಇಟ್ಟರೆ ಕೆಳಗಿನ ಮಣ್ಣು, ಕಲ್ಲು ಅಳತೆ ಕೆಡಿಸುತ್ತವೆ. ನೀರಾದರೆ ಎಲ್ಲ ಕಡೆ ಒಂದೇ ಸಮ. ಅದಕ್ಕೇ 2020ರಲ್ಲಿ ಅದನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲಿ, ಆಮೇಲೆ ಶರಾವತಿ ಹಿನ್ನೀರಿನಲ್ಲಿ ತೇಲಿಬಿಟ್ಟರು. ಆ ಹಿನ್ನೀರಿನಡಿ ನಮ್ಮವರ ಎಷ್ಟೋ ಊರು ಮುಳುಗಿವೆ. ಅದೇ ನೀರಿನ ಮೇಲೆ ಆಕಾಶದ ಮೊದಲ ಊರುಗಳನ್ನು ಹುಡುಕಿದರು. ಅಂಥ ದನಿ ಸಿಕ್ಕಿದೆ ಅಂತ ಅಮೆರಿಕದ ತಂಡ 2018ರಲ್ಲಿ ಹೇಳಿತ್ತು. ನಮ್ಮ ಅಳತೆಯಲ್ಲಿ ಅದು ಕಾಣಲಿಲ್ಲ ಎಂದು ಸರಸ್ ತಂಡ 2022ರಲ್ಲಿ ಬರೆಯಿತು. ವಿಜ್ಞಾನದಲ್ಲಿ ಹೀಗೇ. ಒಬ್ಬರು ಅಳೆದದ್ದನ್ನು ಇನ್ನೊಬ್ಬರು ಮತ್ತೆ ಅಳೆದು ನೋಡಬೇಕು.

ಬೆಣ್ಣೆ ಕೂಡಿದ ಹಾಗೆ

ಮೊದಲು ಆದ ಗೆಲಾಕ್ಸಿಗಳು ಸಣ್ಣವು. ಮಜ್ಜಿಗೆ ಕಡೆಯುವಾಗ ನೋಡಿ. ಬೆಣ್ಣೆ ಮೊದಲು ಸಣ್ಣ ಸಣ್ಣ ಕಾಳಾಗಿ ತೇಲುತ್ತದೆ. ಕಡೆದಂತೆ ಕಾಳಿಗೆ ಕಾಳು ಅಂಟಿ ಉಂಡೆ ಆಗುತ್ತದೆ. ಸಣ್ಣ ಗೆಲಾಕ್ಸಿಗಳೂ ಹಾಗೆ ಒಂದನ್ನೊಂದು ಎಳೆದುಕೊಂಡು ಸೇರಿ ದೊಡ್ಡವಾದವು. ನಮ್ಮ ಆಕಾಶಗಂಗೆ ಸುಮಾರು 1000 ಕೋಟಿ ವರ್ಷ ಹಿಂದೆ ಇನ್ನೊಂದು ಗೆಲಾಕ್ಸಿಯನ್ನು ನುಂಗಿದೆ. ಆ ನಕ್ಷತ್ರಗಳು ಇವತ್ತಿಗೂ ಬೇರೆ ನಡಿಗೆ ನಡೆಯುತ್ತವೆ, ಬೇರೆ ಊರಿಂದ ಬಂದ ಸೊಸೆಯ ಮಾತಿನ ಹಾಗೆ. 2018ರಲ್ಲಿ ಅದರಿಂದಲೇ ಪತ್ತೆ ಹಚ್ಚಿದರು.

ದೊಡ್ಡ ಗೆಲಾಕ್ಸಿ ಆಗಲು ಬಹಳ ಕಾಲ ಬೇಕು ಎಂದು ತಿಳಿದಿದ್ದರು. 2021ರ ಡಿಸೆಂಬರ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಮೇಲೆ ಹೋಯಿತು. ಅದು ನೋಡಿದ್ದು ಎಲ್ಲರನ್ನೂ ಬೆರಗುಗೊಳಿಸಿತು. ವಿಶ್ವಕ್ಕೆ 30 ಕೋಟಿ ವರ್ಷವೂ ತುಂಬಿರದಾಗಲೇ ಹೊಳೆಯುವ ಗೆಲಾಕ್ಸಿಗಳು ಇದ್ದವು! 2025ರಲ್ಲಿ ಪುಣೆಯ ರಾಶಿ ಜೈನ್ ಎಂಬ ಸಂಶೋಧಕಿ ಮತ್ತು ಅವರ ಗುರು ಯೋಗೇಶ್ ವಾಡದೇಕರ್ ಅದೇ ದೂರದರ್ಶಕದ ಚಿತ್ರಗಳಲ್ಲಿ ಸುರುಳಿ ಆಕಾರದ ಒಂದು ಗೆಲಾಕ್ಸಿ ಕಂಡರು. ಅದಕ್ಕೆ ಅಲಕನಂದಾ ಎಂದು ಹೆಸರಿಟ್ಟರು. ವಿಶ್ವ ಹುಟ್ಟಿ 150 ಕೋಟಿ ವರ್ಷಕ್ಕೇ ಅದು ಅಷ್ಟು ಅಚ್ಚುಕಟ್ಟಾಗಿ ಬೆಳೆದಿತ್ತು. ಇಷ್ಟು ಬೇಗ ಹೇಗೆ ಬೆಳೆದವು ಎಂದು ಈಗ ಹೊಸ ಲೆಕ್ಕ ಹಾಕುತ್ತಿದ್ದಾರೆ.

ಹೋಬಳಿಗಳು ಆದದ್ದು ಎಲ್ಲಕ್ಕಿಂತ ತಡವಾಗಿ. ಬಾಗಿಲ ಮುಂದೆ ಚುಕ್ಕಿ ಇಟ್ಟು ಎಳೆ ಎಳೆದು ರಂಗೋಲಿ ಹಾಕುತ್ತೇವಲ್ಲ, ಕಪ್ಪು ದ್ರವ್ಯ ವಿಶ್ವದ ತುಂಬ ಹಾಗೆ ಎಳೆ ಎಳೆಯಾಗಿ ಹರಡಿದೆ. ಎಳೆಗಳ ಉದ್ದಕ್ಕೂ ಗೆಲಾಕ್ಸಿಗಳು. ಎಳೆಗಳು ಕೂಡುವ ಕಡೆ ಹೋಬಳಿ. ನಡುವೆ ದೊಡ್ಡ ದೊಡ್ಡ ಬಯಲು. ಹೋಬಳಿಯೊಳಗೆ ಗೆಲಾಕ್ಸಿಗಳ ನಡುವೆ ಕೋಟಿ ಡಿಗ್ರಿ ಬಿಸಿಯ ಅನಿಲ ತುಂಬಿದೆ. ಅಲ್ಲಿನ ನಕ್ಷತ್ರಗಳಿಗಿಂತ ಆ ಅನಿಲದ ತೂಕವೇ ಹೆಚ್ಚು. ಹೋಬಳಿಗಳು ಸೇರಿ ಜಿಲ್ಲೆಗಳೂ ಇವೆ. 2017ರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಮೀನ ರಾಶಿಯ ಕಡೆ ಅಂಥ ಒಂದನ್ನು ಕಂಡು 'ಸರಸ್ವತಿ' ಎಂದು ಹೆಸರಿಟ್ಟರು. ಅದರಲ್ಲಿ ನಲವತ್ತಕ್ಕೂ ಹೆಚ್ಚು ಹೋಬಳಿಗಳಿವೆ.

ಇದರಿಂದ ನಮಗೇನು?

ಹೀಗೆ ಕೇಳುವವರು ಇದ್ದೇ ಇರುತ್ತಾರೆ. ಕೇಳಬೇಕು ಕೂಡ. ಬಸುರಿಯರಿಗೆ ಆಶಾ ಕಾರ್ಯಕರ್ತೆ ಕಬ್ಬಿಣದ ಮಾತ್ರೆ ಕೊಡುತ್ತಾರಲ್ಲ? ರಕ್ತ ಆಗಲು ಕಬ್ಬಿಣ ಬೇಕು. ಆ ಕಬ್ಬಿಣ ಮೊದಲಲ್ಲಿ ಇರಲೇ ಇಲ್ಲ. ನಕ್ಷತ್ರಗಳ ಹೊಟ್ಟೆಯಲ್ಲಿ, ಅವು ಸಿಡಿಯುವಾಗ ಅದು ಆಯಿತು. ಒಂಟಿ ನಕ್ಷತ್ರ ಬಯಲಲ್ಲಿ ಸಿಡಿದಿದ್ದರೆ ಕಬ್ಬಿಣ ಚೆದುರಿ ಹೋಗುತ್ತಿತ್ತು. ಗೆಲಾಕ್ಸಿಯ ಸೆಳೆತ ಅದನ್ನು ಹಿಡಿದಿಟ್ಟಿತು. ಅದೇ ಮಣ್ಣಿನಲ್ಲಿ ಹೊಸ ನಕ್ಷತ್ರ ಹುಟ್ಟಿತು, ಭೂಮಿ ಹುಟ್ಟಿತು. ಊರು ಇದ್ದರೆ ತಾನೆ ತಿಪ್ಪೆ, ತಿಪ್ಪೆ ಇದ್ದರೆ ತಾನೆ ಗೊಬ್ಬರ? ಬಿಂದಿಗೆಯ ನೀರಿನಲ್ಲಿ ಇರುವ ಜಲಜನಕವಂತೂ ಆ ಮೊದಲ ಬಿಸಿ ಗಂಜಿಯದೇ.

ಬೇರೊಂದು ಊರನ್ನು ಕಣ್ಣಾರೆ ನೋಡಬಹುದು. ದುರ್ಬೀನು ಬೇಡ. ದೀಪಾವಳಿ ಕಳೆದ ಮೇಲೆ, ಕಾರ್ತಿಕದಲ್ಲಿ, ಚಂದ್ರ ಇಲ್ಲದ ರಾತ್ರಿ 9 ಗಂಟೆ ಹೊತ್ತಿಗೆ ಹೊರಗೆ ಬನ್ನಿ. ಬೀದಿ ದೀಪದಿಂದ ದೂರ ನಿಲ್ಲಿ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳು ಮಂಚದ ನಾಲ್ಕು ಕಾಲಿನ ಹಾಗೆ ಕಾಣುತ್ತವೆ. ಪಂಚಾಂಗದಲ್ಲಿ ಹೇಳುವ ಪೂರ್ವಾಭಾದ್ರ, ಉತ್ತರಾಭಾದ್ರ ಅವೇ. ಉತ್ತರಕ್ಕೆ ಮುಖ ಮಾಡಿ. ಮಂಚದ ಈಶಾನ್ಯ ಮೂಲೆಯ ನಕ್ಷತ್ರದಿಂದ ಅದೇ ದಿಕ್ಕಿಗೆ ಎರಡು ನಕ್ಷತ್ರ ಎಣಿಸಿ. ಎರಡನೆಯದರಿಂದ ಎಡಕ್ಕೆ ತಿರುಗಿ ಎರಡು ಮಸುಕು ನಕ್ಷತ್ರ ದಾಟಿ. ಅಲ್ಲಿ ಬೆರಳಲ್ಲಿ ವಿಭೂತಿ ಒರೆಸಿದ ಹಾಗೆ ಒಂದು ಸಣ್ಣ ಮಬ್ಬು ಕಾಣುತ್ತದೆ. ಅದು ಆಂಡ್ರೊಮಿಡಾ. ಆ ಬೆಳಕು ಅಲ್ಲಿಂದ ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರು ಇನ್ನೂ ಹುಟ್ಟಿರಲಿಲ್ಲ. ಮಗುವನ್ನೂ ಎಬ್ಬಿಸಿ ಕರೆದುಕೊಂಡು ಬನ್ನಿ.